ಮೊಸ್ತಾರಿನ ವೆಲೆಜ್ ಸಂಘ: ಒಂದು ಆಟದ ಬಯಲಿನ ಇತಿಹಾಸ

ಅರಸುಮನೆತನಗಳ ಏಳುಬೀಳುಗಳನ್ನು ಬರೆಯಲು ಶಾಸನಗಳೂ ಕಡತಗಳೂ ನೆರವಾಗುತ್ತವೆ. ಆದರೆ ಒಂದು ಪಟ್ಟಣದ ಸಾಮಾನ್ಯ ಜನ ತಮ್ಮನ್ನು ಯಾರೆಂದು ಭಾವಿಸಿದ್ದರೆಂಬುದನ್ನು ಅರಿಯಬೇಕಾದರೆ ಇತಿಹಾಸಕಾರನು ಕೆಲವೊಮ್ಮೆ ಆಟದ ಬಯಲಿಗೂ ಇಳಿಯಬೇಕಾಗುತ್ತದೆ. ಬಾಸ್ನಿಯಾ-ಹೆರ್ಜೆಗೊವಿನಾದ ಮೊಸ್ತಾರ್ ಪಟ್ಟಣದಲ್ಲಿರುವ ವೆಲೆಜ್ ಎಂಬ ಕಾಲ್ಚೆಂಡಾಟದ ಸಂಘವನ್ನು ನಾವು ಇಲ್ಲಿ ಈ ದೃಷ್ಟಿಯಿಂದ ಪರಿಶೀಲಿಸಿದ್ದೇವೆ.

ನೆರೆತ್ವಾ ನದಿಯ ಎರಡು ದಡಗಳಲ್ಲಿ ಹರಡಿರುವ ಈ ಪಟ್ಟಣದಲ್ಲಿ ಇಂದು ಬೋಸ್ನಿಯಾಕರೆನಿಸುವ ಮುಸಲ್ಮಾನರೂ ಕ್ಯಾಥೊಲಿಕ್ ಕ್ರೊಯೇಷಿಯನ್ನರೂ ಆರ್ಥೊಡಾಕ್ಸ್ ಸರ್ಬಿಯನ್ನರೂ ನೆರೆಹೊರೆಯವರಾಗಿ ಬಾಳಿದ್ದರು. ಅಲ್ಲಿನ ಸಂಘಗಳಲ್ಲಿ ಹಳೆಯದಾದ ಜ್ರಿನ್ಸ್ಕಿಯು 1905ರಲ್ಲಿ, ಆಸ್ಟ್ರಿಯಾ-ಹಂಗರಿಯ ಆಳ್ವಿಕೆಯಲ್ಲಿ, ಕ್ರೊಯೇಷಿಯನ್ ಯುವಕರಿಂದ ಹುಟ್ಟಿತು. ಅದರ ಹೆಸರು ಕ್ರೊಯೇಷಿಯದ ಒಂದು ಶ್ರೀಮಂತ ಮನೆತನದ್ದು. 1922ರಲ್ಲಿ ಸ್ಥಾಪಿತವಾದ ವೆಲೆಜ್ ಕಾರ್ಮಿಕರ ಸಂಘ. ಅದು ತನ್ನ ಹೆಸರನ್ನು ಯಾವ ಜನಾಂಗದಿಂದಲೂ ಪಡೆಯದೆ, ಪಟ್ಟಣದ ಬಳಿಯ ಪರ್ವತದಿಂದ ಪಡೆಯಿತು. ಅದರ ಲಾಂಛನದಲ್ಲಿ ಕೆಂಪು ನಕ್ಷತ್ರವಿತ್ತು. ಯುಗೊಸ್ಲಾವಿಯದ ರಾಜಪ್ರಭುತ್ವಕ್ಕೆ ಇದು ಸಹಜವಾಗಿಯೇ ಹಿಡಿಸಲಿಲ್ಲ. 1940ರಲ್ಲಿ ಪಂದ್ಯವೊಂದರ ತರುವಾಯ ಸರ್ಕಾರದ ವಿರುದ್ಧ ಪ್ರದರ್ಶನ ನಡೆದುದರಿಂದ ಸಂಘವು ನಿಷೇಧಕ್ಕೊಳಗಾಯಿತು. ಮುಂದಿನ ಯುದ್ಧದಲ್ಲಿ ಅದರ ಅನೇಕ ಸದಸ್ಯರು ಟಿಟೊನ ಪಾರ್ಟಿಸಾನ್ ದಳಗಳನ್ನು ಸೇರಿ ಮಡಿದರು.

1945ರಲ್ಲಿ ಚಕ್ರ ತಿರುಗಿತು. ಧುರಿರಾಷ್ಟ್ರಗಳ ಆಶ್ರಯದಲ್ಲಿದ್ದ ಕ್ರೊಯೇಷಿಯದ ಯುದ್ಧಕಾಲದ ಪಂದ್ಯಾವಳಿಯಲ್ಲಿ ಆಡಿತ್ತೆಂಬ ಕಾರಣದಿಂದ ಹೊಸ ಸರ್ಕಾರವು ಜ್ರಿನ್ಸ್ಕಿಯನ್ನು ವಿಸರ್ಜಿಸಿತು. ವೆಲೆಜ್ ಪಟ್ಟಣಕ್ಕೆಲ್ಲ ಸೇರಿದ ತಂಡವಾಯಿತೆಂದು ಹೇಳುವ ಲೇಖಕರು ಈ ಸಂಗತಿಯನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನಮಗೆ ಅದು ಸರಿಯೆನಿಸದು. ಆ ಏಕತೆ ನಿಜವಾಗಿತ್ತು. ಆದರೆ ಅದರ ಒಂದು ಅಂಶ ಪ್ರತಿಸ್ಪರ್ಧಿಯ ಬಾಯಿ ಕಟ್ಟಿದ್ದರಿಂದಲೂ ಬಂದದ್ದು.

ನಿಜವಾಗಿತ್ತೆಂಬುದಕ್ಕೆ 1970ರ ದಶಕವೇ ಸಾಕ್ಷಿ. ಹಿಂದೆ ಇದೇ ತಂಡದಲ್ಲಿ ಆಡಿದ್ದ ಸುಲೆಯ್ಮಾನ್ ರೆಬಾಟ್ಸ್ ಅವರು ತರಬೇತುದಾರರಾಗಿ 1976ರವರೆಗೆ ಸ್ಥಳೀಯ ಹುಡುಗರಿಂದಲೇ ಒಂದು ಅಪೂರ್ವ ತಂಡವನ್ನು ಕಟ್ಟಿದರು. ಮುಂಪಡೆಯಲ್ಲಿ ದುಶಾನ್ ಬಾಯೆವಿಚ್, ಗೋಲಿನ ಕಾವಲಿಗೆ ಎನ್ವರ್ ಮಾರಿಚ್, ನಡುವೆ ಫ್ರಾನ್ಯೊ ವ್ಲಾದಿಚ್. ಒಬ್ಬರು ಸರ್ಬಿಯನ್, ಒಬ್ಬರು ಬೋಸ್ನಿಯಾಕ್, ಒಬ್ಬರು ಕ್ರೊಯೇಷಿಯನ್. ಮೂವರ ಮೊದಲಕ್ಷರಗಳನ್ನು ಕೂಡಿಸಿ ಜನ ಇವರನ್ನು 'ಬಿಎಂವಿ' ಎಂದು, ಜರ್ಮನಿಯ ಮೋಟಾರು ಕಾರನ್ನು ನೆನೆದು, ಕರೆದರು. ಅಧಿಕೃತ ಘೋಷಣೆಗಳಲ್ಲಿ ಸವೆದುಹೋಗಿದ್ದ 'ಭ್ರಾತೃತ್ವ, ಏಕತೆ'ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸರ್ಕಾರಕ್ಕೂ ದೊರಕಿರಲಾರದು! 1973ರಲ್ಲಿ ತಂಡವು ಲೀಗಿನಲ್ಲಿ ಎರಡನೆಯ ಸ್ಥಾನ ಪಡೆಯಿತು. 1974ರಲ್ಲಿ ಸ್ಪ್ಲಿಟ್ ನಗರದ ಹೈದುಕ್ ತಂಡದೊಡನೆ ಅಂಕಗಳಲ್ಲಿ ಸಮನಾಗಿದ್ದೂ ಗೋಲುಗಳ ಲೆಕ್ಕದಲ್ಲಿ ಪ್ರಶಸ್ತಿಯನ್ನು ಕಳೆದುಕೊಂಡಿತು. ಆ ವರ್ಷದ ವಿಶ್ವಕಪ್ಪಿನಲ್ಲಿ ಯುಗೊಸ್ಲಾವಿಯ ಜೈರ್ ದೇಶವನ್ನು 9-0ರಿಂದ ಸೋಲಿಸಿದಾಗ ಮೂರು ಗೋಲುಗಳು ಬಾಯೆವಿಚ್ ಅವರವು. ಅದೇ ಡಿಸೆಂಬರಿನಲ್ಲಿ, ಯೂಇಎಫ್‌ಎ ಕಪ್ ಪಂದ್ಯಾವಳಿಯಲ್ಲಿ, ಇಂಗ್ಲೆಂಡಿನ ಡರ್ಬಿ ಕೌಂಟಿಯ ಎದುರು ಮೊದಲು 1-3ರಿಂದ ಸೋತಿದ್ದ ವೆಲೆಜ್ ಮೊಸ್ತಾರಿನಲ್ಲಿ 4-1ರಿಂದ ಗೆದ್ದು ಎಂಟರ ಘಟ್ಟವನ್ನು ಮುಟ್ಟಿತು. ಆ ಡರ್ಬಿ ತಂಡವೇ ಕೆಲವು ತಿಂಗಳಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಯಿತೆಂಬುದನ್ನು ಗಮನಿಸಬೇಕು.

ರೆಬಾಟ್ಸ್ ಅವರ ಕಾಲಕ್ಕೆ ದಕ್ಕದ ಪ್ರಶಸ್ತಿ ಬಳಿಕ ಬಂದಿತು. 1981ರ ಯುಗೊಸ್ಲಾವ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸರಾಯೆವೊದ ಜೆಲೆಜ್ನಿಚಾರ್ ತಂಡವನ್ನು 3-2ರಿಂದ ಗೆದ್ದಾಗ ಎರಡು ಗೋಲು ಹೊಡೆದವರು ವಾಹಿದ್ ಹಲಿಲ್‌ಹೋಜಿಚ್. 2014ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯ ತಂಡದ ತರಬೇತುದಾರರಾಗಿದ್ದವರೂ ಇವರೇ. 1986ರಲ್ಲಿ, ಬಾಯೆವಿಚ್ ಅವರೇ ತರಬೇತುದಾರರಾಗಿದ್ದಾಗ, ಕಪ್ ಮತ್ತೊಮ್ಮೆ ಮೊಸ್ತಾರಿಗೆ ಬಂದಿತು.

1992ರಲ್ಲಿ ಯುದ್ಧ ಆರಂಭವಾಯಿತು. ಮೊದಲು ಸರ್ಬಿಯನ್ ಪಡೆಗಳ ಎದುರು ಒಂದಾಗಿದ್ದ ಕ್ರೊಯೇಷಿಯನ್ನರೂ ಬೋಸ್ನಿಯಾಕರೂ 1993ರಲ್ಲಿ ತಮ್ಮತಮ್ಮಲ್ಲೇ ಕಾದಾಡಿದರು. ಪಟ್ಟಣ ಇಬ್ಭಾಗವಾಯಿತು; 16ನೆಯ ಶತಮಾನದ ಹಳೆಯ ಸೇತುವೆ ಆ ನವೆಂಬರಿನಲ್ಲಿ ನದಿಗೆ ಕುಸಿಯಿತು. ವೆಲೆಜ್ ಆಡುತ್ತಿದ್ದ ಬಿಯೆಲಿ ಬ್ರಿಯೆಗ್ ಕ್ರೀಡಾಂಗಣ ಇರುವುದು ಪಶ್ಚಿಮ ಭಾಗದಲ್ಲಿ. ಅದು 1992ರಲ್ಲಿ ಪುನಃಸ್ಥಾಪಿತವಾದ ಜ್ರಿನ್ಸ್ಕಿಗೆ ಸೇರಿತು. ವೆಲೆಜ್ ಪಟ್ಟಣದ ಉತ್ತರದ ಅಂಚಿನ ವ್ರಾಪ್ಚಿಚಿ ಎಂಬಲ್ಲಿನ ಸಣ್ಣ ಬಯಲಿಗೆ ಹೋಯಿತು. ಮೂರು ಜನಾಂಗಗಳ ತಂಡವಾಗಿದ್ದುದು ಈಗ, ತನ್ನ ಇಚ್ಛೆಯಿಂದಲ್ಲದೆ, ಪೂರ್ವ ದಡದ ತಂಡವೆನಿಸಿತು.

ಬಯಲು ಯಾರದೆಂಬ ವಾದದಲ್ಲಿ ವೆಲೆಜ್‌ನವರು 1992ನ್ನು ಹೇಳುತ್ತಾರೆ, ಜ್ರಿನ್ಸ್ಕಿಯವರು 1945ನ್ನು. ಎರಡೂ ಸತ್ಯ ಸಂಗತಿಗಳೇ. ಆದರೆ ತೂಕದಲ್ಲಿ ಅವು ಸಮವೆಂದು ನಾವು ಒಪ್ಪಲಾರೆವು: 1945ರ ಅನ್ಯಾಯವನ್ನು ಮಾಡಿದ್ದು ಒಂದು ಸರ್ಕಾರ, ಅದರ ಬೆಲೆಯನ್ನು ತೆತ್ತದ್ದು ಆ ಸರ್ಕಾರವಲ್ಲ.

ಎರಡು ತಂಡಗಳೂ ಯುದ್ಧಾನಂತರ ಮೊದಲ ಬಾರಿಗೆ 2000ದಲ್ಲಿ ಎದುರುಬದುರಾದವು. ಆ ಪಂದ್ಯ ಮೊಸ್ತಾರಿನಲ್ಲಿ ನಡೆಯಲಿಲ್ಲ, ಸರಾಯೆವೊದಲ್ಲಿ ನಡೆಯಿತು. 2005ರಿಂದ ಜ್ರಿನ್ಸ್ಕಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ವೆಲೆಜ್ ಎರಡು ಬಾರಿ ಕೆಳದರ್ಜೆಗೆ ಇಳಿದು 2019ರಲ್ಲಿ ಮೇಲೆದ್ದಿತು. 2022ರಲ್ಲಿ ಲೀಗ್ ಪ್ರಶಸ್ತಿಯನ್ನು ಜ್ರಿನ್ಸ್ಕಿಯೂ, ಸರಾಯೆವೊ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಕಪ್ಪನ್ನು ವೆಲೆಜ್ ತಂಡವೂ ಗೆದ್ದವು. ಒಂದೇ ವರ್ಷ ಒಂದೇ ಪಟ್ಟಣಕ್ಕೆ ಎರಡು ಪ್ರಶಸ್ತಿಗಳು ಬಂದವು. ಅವು ಸೇರಿದ್ದು ಎರಡು ಬೇರೆ ದಡಗಳನ್ನು.