ಮರೆವಿನ ಕಾಯಿಲೆಯವರಿಗೆ ಮನೆಯ ಚಟುವಟಿಕೆಗಳು

ಮಿದುಳಿನ ಜೀವಕೋಶಗಳು ಕ್ರಮೇಣ ಹಾಳಾಗಿ ನೆನಪು, ಮಾತು, ವಿವೇಚನೆ, ಹೊತ್ತುಗೊತ್ತಿನ ತಿಳಿವು ಮತ್ತು ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ ಕುಂದುತ್ತ ಹೋಗುವ ಸ್ಥಿತಿಗೆ ಡಿಮೆನ್ಶಿಯಾ ಅಥವಾ ಮರೆವಿನ ಕಾಯಿಲೆ ಎನ್ನುತ್ತಾರೆ. ಈ ಕಾಯಿಲೆ ಬಂದವರಿಗೆ ಅವರ ಕೈಗೆ ಮೊದಲಿನಿಂದ ರೂಢಿಯಾದ ಕೆಲಸ, ಹಾಡು, ಆಟ, ಮಾತುಕತೆಗಳನ್ನು ಮನೆಯಲ್ಲಿಯೇ ಒದಗಿಸಿ ದಿನಚರಿಯನ್ನು ಹೊಂದಿಸುವುದು ಆರೈಕೆಯ ಒಂದು ಮುಖ್ಯ ವಿಧಾನ. ಹೊತ್ತು ಕಳೆಯಿಸುವುದಷ್ಟೇ ಇದರ ಉದ್ದೇಶವಲ್ಲ. ಮನೆಯಲ್ಲಿ ಹಿರಿಯರಿಗೆ ಇದ್ದ ಸ್ಥಾನವನ್ನು ಕಾಯಿಲೆಯ ನಡುವೆಯೂ ಉಳಿಸುವುದು ಇದರ ಮುಖ್ಯ ಗುರಿ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ದೊಡವಾಡ ಮತ್ತು ಅದರ ಸುತ್ತಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಈ ವಿಧಾನಕ್ಕೆ ವಿಶೇಷ ಮಹತ್ವವಿದೆ. ಮರೆವಿನ ಕಾಯಿಲೆಗೆಂದೇ ಇರುವ ಹಗಲು ಆರೈಕೆ ಕೇಂದ್ರಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿರುವುದರಿಂದ ಹಳ್ಳಿಯಲ್ಲಿ ಮನೆಯೇ ಆರೈಕೆಯ ಕೇಂದ್ರವಾಗುತ್ತದೆ. ಆದರೆ ಬೇಕಾದ ಸಾಮಗ್ರಿಯ ಕೊರತೆ ಇಲ್ಲಿಲ್ಲ. ಜೋಳ, ಹತ್ತಿ, ಕಡಲೆ, ಶೇಂಗಾ ಬೆಳೆಯುವ ಒಕ್ಕಲುತನದ ಮನೆಗಳಲ್ಲಿ ಕೈಗೆ ಕೆಲಸ ಕೊಡುವ ವಸ್ತುಗಳು ಅಂಗಳದಲ್ಲಿಯೇ ಸಿಗುತ್ತವೆ.

ಕಾಯಿಲೆಯ ಸ್ವರೂಪ

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ, ಮುಂದೆ ಅವನ ಹೆಸರನ್ನೇ ಪಡೆದ ಆಲ್ಝೈಮರ್ಸ್ ಕಾಯಿಲೆಯು ಡಿಮೆನ್ಶಿಯಾದ ಅತಿ ಸಾಮಾನ್ಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಡಿಮೆನ್ಶಿಯಾ ಇರುವವರಲ್ಲಿ ಶೇ. 60ರಿಂದ 70ರಷ್ಟು ಮಂದಿಗೆ ಇದೇ ಕಾರಣ. ಮಿದುಳಿಗೆ ರಕ್ತ ಸಂಚಾರ ಕುಗ್ಗಿ ಬರುವ ಬಗೆ ಎರಡನೆಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇದಕ್ಕೆ ದಾರಿ ಮಾಡುತ್ತವೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನವೊಂದು ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚೆಂದು ಅದೇ ಅಧ್ಯಯನ ತೋರಿಸಿತು. ಹೀಗಿದ್ದರೂ ‘ಅರವತ್ತಕ್ಕೆ ಅರಳು ಮರಳು’ ಎಂದು ಮನೆಯವರು ಸುಮ್ಮನಾಗುವುದರಿಂದ ಅನೇಕರ ಕಾಯಿಲೆ ಪತ್ತೆಯಾಗದೆ ಉಳಿಯುತ್ತದೆ. ಡಿಮೆನ್ಶಿಯಾ ಮುಪ್ಪಿನ ಸಹಜ ಲಕ್ಷಣವಲ್ಲ, ಅದು ಕಾಯಿಲೆ.

ಕೈಯ ನೆನಪು

ನೆನಪಿನಲ್ಲಿ ಹಲವು ಬಗೆಗಳಿದ್ದು, ಅವೆಲ್ಲ ಒಟ್ಟಿಗೇ ಅಳಿಯುವುದಿಲ್ಲ. ಆಲ್ಝೈಮರ್ಸ್‌ನಲ್ಲಿ ಮೊದಲು ಪೆಟ್ಟು ಬೀಳುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗಕ್ಕೆ. ಹೊಸ ಸಂಗತಿಗಳನ್ನು ಹಿಡಿದಿಡುವುದು ಆ ಭಾಗದ ಕೆಲಸವಾದ್ದರಿಂದ ಮುಂಜಾನೆ ಏನು ಉಂಡೆವೆಂಬುದು ಮರೆತುಹೋಗುತ್ತದೆ. ವರ್ಷಗಟ್ಟಲೆ ಮಾಡಿ ಕೈಗೆ ಕೂತ ಕೆಲಸದ ನೆನಪು ಮಿದುಳಿನ ಬೇರೆ ಭಾಗಗಳನ್ನು ಅವಲಂಬಿಸಿರುವುದರಿಂದ ಬಹುಕಾಲ ಉಳಿಯುತ್ತದೆ. ಸೊಸೆಯ ಹೆಸರು ತಪ್ಪಿ ಹೇಳುವ ಅಜ್ಜಿಯ ಬೆರಳುಗಳು ಹತ್ತಿಯನ್ನು ಎಳೆದು ದೀಪದ ಬತ್ತಿ ಹೊಸೆಯುವುದನ್ನು ಮರೆತಿರುವುದಿಲ್ಲ. ಹರೆಯದ ದಿನಗಳ ನೆನಪು, ಪರಿಚಿತ ರಾಗ, ನಿತ್ಯ ಹೇಳುತ್ತಿದ್ದ ಪ್ರಾರ್ಥನೆ ಇವೂ ತಡವಾಗಿ ಮಾಸುತ್ತವೆ. ಮನೆಯ ಚಟುವಟಿಕೆಗಳು ನಿಂತಿರುವುದು ಈ ಉಳಿದ ಶಕ್ತಿಯ ಮೇಲೆ.

ಆದ್ದರಿಂದ ಹೊಸದನ್ನು ಕಲಿಸುವ ಬದಲು ಆ ವ್ಯಕ್ತಿಯ ಬಾಳಿನಿಂದಲೇ ಕೆಲಸವನ್ನು ಆರಿಸಬೇಕು. ಓದುಬರಹ ಕಲಿಯದ ಹಿರಿಯರ ಮುಂದೆ ಪದಬಂಧ ಇಟ್ಟರೆ ಅವರಿಗೆ ಅದು ಅವಮಾನವೆನಿಸುತ್ತದೆ. ಅವರ ಮುಂದೆ ಒಂದು ಮೊರದಲ್ಲಿ ಕಾಳು ಹಾಕಿಟ್ಟರೆ ಕೈ ತಾನೇ ಮುಂದಾಗುತ್ತದೆ. ಶಾಲಾ ಮಾಸ್ತರರಾಗಿದ್ದವರಿಗೆ ಅದೇ ಪದಬಂಧವೋ, ಮೊಮ್ಮಕ್ಕಳ ಪಾಟಿಯ ಮೇಲಿನ ಲೆಕ್ಕವೋ ಹಿತವಾಗಬಹುದು.

ಅಡುಗೆಮನೆ ಮತ್ತು ಪಡಸಾಲೆಯ ಕೆಲಸ

ಕಡಲೆ, ತೊಗರಿ, ಗೋಧಿ ಹಸನು ಮಾಡುವುದು, ಶೇಂಗಾ ಬಿಡಿಸುವುದು, ಬಳ್ಳೊಳ್ಳಿ ಸುಲಿಯುವುದು, ಪುಂಡಿಪಲ್ಯ ಅಥವಾ ಮೆಂತೆಪಲ್ಯ ಸೋಸುವುದು ಹೆಂಗಸರಿಗೆ ಅತ್ಯಂತ ಒಗ್ಗುವ ಕೆಲಸಗಳು. ಇವುಗಳಲ್ಲಿ ಒಂದೇ ಚಲನೆ ಮತ್ತೆ ಮತ್ತೆ ಬರುತ್ತದೆ, ತಪ್ಪಿದರೂ ನಷ್ಟವಿಲ್ಲ, ಮಾಡಿದ ಕೆಲಸ ಕಣ್ಣಮುಂದೆ ರಾಶಿಯಾಗಿ ಕಾಣುತ್ತದೆ. ಸಾಮಾನ್ಯವಾಗಿ ಒಂದು ಬಟ್ಟಲಿನಷ್ಟು ಕಾಳು ಸಾಕು. ಚೀಲ ಸುರಿದರೆ ಕಂಗೆಡುತ್ತಾರೆ. ಬೆಳಕಿಗೆ ಮುಖ ಮಾಡಿ ಕೂರಿಸಿ, ಕಡಲೆಯಂಥ ತಿಳಿಬಣ್ಣದ ಕಾಳಾದರೆ ಕಪ್ಪು ಬಟ್ಟೆಯ ಮೇಲೆ ಹಾಸಿಕೊಟ್ಟರೆ ಮಂದಗಣ್ಣಿಗೂ ಹರಳು ಬೇರೆಯಾಗಿ ಕಾಣುತ್ತದೆ.

ರೊಟ್ಟಿ ಬಡಿಯುವುದು ಈ ಸೀಮೆಯ ಹೆಂಗಸರ ಕೈಯಲ್ಲಿ ಬಹುಕಾಲ ಉಳಿಯುವ ವಿದ್ಯೆ. ಒಲೆಯ ಹತ್ತಿರ ಬಿಡುವುದು ಅಪಾಯವಾದಾಗಲೂ ಹಿಟ್ಟು ನಾದುವುದು, ಉಂಡೆ ಮಾಡುವುದು, ಕೊಣಮಿಗೆಯಲ್ಲಿ ಬಡಿಯುವುದು ಅವರದಾಗಿರಲಿ, ಹಂಚಿನ ಕೆಲಸ ಮತ್ತೊಬ್ಬರು ನೋಡಿಕೊಳ್ಳಲಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿಯುವುದು ಇನ್ನೊಂದು ದೊಡ್ಡ ಸಂಪತ್ತು. ಸೂಜಿ ಹಿಡಿಯುವ ಶಕ್ತಿ ಹೋದ ಮೇಲೆ ಬಣ್ಣದ ತುಂಡುಗಳನ್ನು ಆರಿಸಿ ಜೋಡಿಸಿಡಬಹುದು. ಯಾವ ತುಂಡು ಯಾರ ಸೀರೆಯದೆಂದು ಹೇಳುತ್ತ ಹೋದಂತೆ ಮಾತೂ ಹೊರಡುತ್ತದೆ. ಒಗೆದ ಬಟ್ಟೆ ಮಡಿಚುವುದು, ಬತ್ತಿ ಹೊಸೆಯುವುದು, ಹೂ ಕಟ್ಟುವುದು, ಅಂಗಳದಲ್ಲಿ ಚುಕ್ಕಿ ಇಟ್ಟುಕೊಟ್ಟರೆ ರಂಗೋಲಿಯ ಎಳೆ ಕೂಡಿಸುವುದು ಇದೇ ಸಾಲಿಗೆ ಸೇರುತ್ತವೆ.

ಹೊಲ, ಕೊಟ್ಟಿಗೆ ಮತ್ತು ಮಗ್ಗ

ಒಕ್ಕಲುತನ ಮಾಡಿದ ಗಂಡಸರಿಗೆ ಮನೆಯೊಳಗೆ ಸುಮ್ಮನೆ ಕೂರುವುದೇ ಕಷ್ಟ. ಹಗ್ಗ ಹೊಸೆಯುವುದು, ಜೋಳದ ತೆನೆಯಿಂದ ಬೀಜ ಆರಿಸುವುದು, ದನಗಳಿಗೆ ಮೇವು ಹಾಕುವುದು, ಸಾಧು ಎತ್ತಿನ ಮೈ ತಿಕ್ಕುವುದು, ಗಿಡಗಳಿಗೆ ನೀರು ಹನಿಸುವುದು ಅವರಿಗೆ ತಕ್ಕವು. ಮಗ ಹೊಲಕ್ಕೆ ಹೊರಟಾಗ ಬೆಳೆಯ ವಿಷಯದಲ್ಲಿ ಅವರ ಮಾತು ಕೇಳುವುದೂ ಒಂದು ಚಟುವಟಿಕೆಯೇ. ‘ಯಪ್ಪಾ, ಈ ಕಡ್ಲಿ ಬೀಜಕ್ಕ ಬರತಾವೇನ ನೋಡ್ರಿ’ ಎಂದು ಒಂದು ಹಿಡಿ ಕಾಳು ಅಂಗೈಗೆ ಹಾಕಿದರೆ ಅವರು ಅದನ್ನು ಹೊರಳಿಸಿ ನೋಡಿ ತಮ್ಮ ಅಭಿಪ್ರಾಯ ಹೇಳುತ್ತಾರೆ. ಮನೆಯ ಯಜಮಾನನೆಂಬ ಗೌರವ ಅಲ್ಲಿ ಉಳಿಯುತ್ತದೆ. ನೇಕಾರ ಮನೆತನದ ಹಿರಿಯರಿಗೆ ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು ಇದೇ ರೀತಿ ಒದಗುತ್ತವೆ.

ಹಾಡು ಮತ್ತು ಆಟ

ಮಾತು ಕಡಿಮೆಯಾದ ಮೇಲೂ ಹಾಡು ಬರುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಬೀಸುವ ಕುಟ್ಟುವ ಹಾಡು, ಸೋಬಾನ ಪದ, ಭಜನೆ, ವಚನ, ಡೊಳ್ಳಿನ ಪದ, ಗೀಗೀ ಪದಗಳಿಂದ ತುಂಬಿದ ಸೀಮೆ ಇದು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಇಂಥ ಹಾಡುಗಳ ಸಂಕಲನ. ಬೈಲಹೊಂಗಲದ ಕಥೆಯನ್ನೇ ಉಳ್ಳ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಮತ್ತು ‘ಶ್ರೀಕೃಷ್ಣ ಪಾರಿಜಾತ’ವನ್ನು ರಾತ್ರಿಯಿಡೀ ನೋಡಿದ ಹಿರಿಯರು ಇನ್ನೂ ಇದ್ದಾರೆ. ಅವುಗಳ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಹಚ್ಚಿ ಒಂದು ಸಾಲು ಆದ ಮೇಲೆ ನಿಲ್ಲಿಸಿದರೆ ಮುಂದಿನ ಸಾಲು ಅವರ ಬಾಯಿಂದ ಬರಬಹುದು. ಕೈಗೆ ತಾಳ ಕೊಟ್ಟರೆ ಮೈಯೂ ಹಾಡಿಗೆ ಸೇರುತ್ತದೆ. ಟಿ.ವಿ.ಯನ್ನು ದಿನವಿಡೀ ಹಚ್ಚಿಡುವುದು ಇದಕ್ಕೆ ಸಮವಲ್ಲ. ಎಡೆಬಿಡದ ಸದ್ದು ಗೊಂದಲ ಹೆಚ್ಚಿಸುತ್ತದೆ.

ಪಗಡಿ, ಚೌಕಾಬಾರ, ಅಳಗುಳಿಮಣೆ, ಹುಲಿಕಟ್ಟೆಗಳನ್ನು ಮೊಮ್ಮಕ್ಕಳೊಡನೆ ಆಡಬಹುದು. ನಿಯಮ ತಪ್ಪಿದರೆ ತಿದ್ದದೆ ಆಟ ಮುಂದುವರಿಸಬೇಕು. ಲೆಕ್ಕ ಹಿಡಿಯಲಾಗದವರು ಕವಡೆ ಹಾಕಿದರೆ ಸಾಕು, ಕಾಯಿ ನಡೆಸುವವರು ಮಕ್ಕಳು.

ಹಬ್ಬ, ಪೂಜೆ ಮತ್ತು ನೆನಪಿನ ಪೆಟ್ಟಿಗೆ

ವರ್ಷದ ಹಬ್ಬಗಳು ಕಾಲದ ತಿಳಿವನ್ನು ಹಿಡಿದಿಡುತ್ತವೆ. ಕಾರಹುಣ್ಣಿಮೆಯ ಮುಂದೆ ಬರುವ ಮಣ್ಣೆತ್ತಿನ ಅಮಾವಾಸ್ಯೆ ಇದಕ್ಕೆ ಒಳ್ಳೆಯ ಉದಾಹರಣೆ. ಹಸಿ ಎರೆಮಣ್ಣನ್ನು ಹದವಾಗಿ ನಾದಿ ಕೊಟ್ಟರೆ ಹಿರಿಯರು ಕಾಲು, ಇಣಿ, ಕೋಡು ಎಂದು ಒಂದೊಂದಾಗಿ ತಿದ್ದಿ ಜೋಡೆತ್ತು ನಿಲ್ಲಿಸುತ್ತಾರೆ. ಮಗ್ಗುಲಲ್ಲಿ ಕೂತ ಮಕ್ಕಳು ಅವರಿಂದ ಕಲಿಯುತ್ತಾರೆ. ಕಣ್ಣಿಗೆ ಜೋಳದ ಕಾಳು ಒತ್ತಬಹುದು. ಗುಲಗಂಜಿ ವಿಷಕಾರಿಯಾದ್ದರಿಂದ ಅದನ್ನು ಕೊಡಬಾರದು. ನಾಗರಪಂಚಮಿಯ ಉಂಡಿ ಕಟ್ಟುವುದು, ಶೀಗಿಹುಣ್ಣಿಮೆಗೆ ಮನೆಯವರೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಇನ್ನಿತರ ಅವಕಾಶಗಳು. ಇಷ್ಟಲಿಂಗ ಪೂಜೆ, ನಮಾಜು, ತುಳಸಿಗೆ ನೀರು ಹಾಕುವುದು, ಯಾವುದು ಅವರ ನಿತ್ಯದ ರೂಢಿಯಾಗಿತ್ತೋ ಅದನ್ನು ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಡೆಸಿಕೊಡಬೇಕು.

ಮದುವೆಯ ಫೋಟೊ, ಹಳೆಯ ಅಡಕೊತ್ತು, ಎತ್ತಿನ ಗೆಜ್ಜೆ, ಬಸ್ಸಿನ ಪಾಸು, ಕುಂಕುಮದ ಭರಣಿ ಮುಂತಾದವನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಸಿಟ್ಟು ಒಂದೊಂದಾಗಿ ಕೈಗೆ ಕೊಡುವುದು ನೆನಪನ್ನು ಕೆದಕುವ ಸರಳ ವಿಧಾನ. ಅಲಗಿರುವ ವಸ್ತುವನ್ನು ಮೊದಲೇ ಮೊಂಡು ಮಾಡಿಸಿಡಬೇಕು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಮುಪ್ಪಿನಲ್ಲಿ ಬಾಳನ್ನು ತಿರುಗಿ ನೋಡುವುದು ಸಹಜ ಮತ್ತು ಆರೋಗ್ಯಕರವೆಂದು ಬರೆದ ಮೇಲೆ ಈ ಬಗೆಯ ಮಾತುಕತೆ ವೈದ್ಯಕೀಯ ಆರೈಕೆಯಲ್ಲಿ ನೆಲೆ ಪಡೆಯಿತು.

ನಡೆಸುವ ಕ್ರಮ

ಪರೀಕ್ಷೆ ಮಾಡುವಂಥ ಪ್ರಶ್ನೆ ಕೇಳಬಾರದು. ‘ನಾ ಯಾರು ಹೇಳ್ರಿ ನೋಡೂಣು’ ಎನ್ನುವುದು ಹಿರಿಯರನ್ನು ನಾಚಿಸುತ್ತದೆ. ‘ಅತ್ತಿ, ಈ ಶೇಂಗಾ ಈಟು ಬಿಡಿಸಿ ಕೊಡ್ರಿ, ಚಟ್ನಿ ಕುಟ್ಟಬೇಕು’ ಎಂದರೆ ಕೆಲಸಕ್ಕೊಂದು ಕಾರಣ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳಬೇಕು, ಮೊದಲು ತಾನು ಮಾಡಿ ತೋರಿಸಬೇಕು, ಉತ್ತರಕ್ಕೆ ಕಾಯಬೇಕು. ಹದಿನೈದರಿಂದ ಮೂವತ್ತು ನಿಮಿಷ ಸಾಕು. ಬೇಸರ ಕಂಡರೆ ನಿಲ್ಲಿಸಬೇಕು. ಸತ್ತುಹೋದ ತಾಯಿಯನ್ನು ಕರೆದರೆ ವಾದಕ್ಕಿಳಿಯದೆ ಆ ತಾಯಿಯ ಬಗ್ಗೆ ಮಾತು ತೆಗೆಯುವುದು ಮೇಲು.

ದಣಿವಿಲ್ಲದ ಮುಂಜಾನೆ ಕೈಗೆಲಸಕ್ಕೆ ಒಳ್ಳೆಯ ಹೊತ್ತು. ಸಂಜೆಯಾಗುತ್ತಿದ್ದಂತೆ ಅನೇಕರಲ್ಲಿ ತಳಮಳ ಹೆಚ್ಚಿ ‘ಮನಿಗೆ ಹೋಗೂಣು’ ಎಂದು ಏಳುತ್ತಾರೆ. ಆ ಹೊತ್ತಿಗೆ ಮೊದಲೇ ದೀಪ ಹಚ್ಚಿ, ಗುಡಿಯವರೆಗೆ ಒಂದು ಸುತ್ತು ನಡೆಸಿಕೊಂಡು ಬಂದು ಭಜನೆ ಹಚ್ಚಿದರೆ ಮನಸ್ಸು ತಣಿಯುತ್ತದೆ.

ಕಾಯಿಲೆಯ ಆರಂಭದಲ್ಲಿ ಇಡೀ ಕೆಲಸವನ್ನು ಅವರಿಗೆ ಬಿಡಬಹುದು. ನಡುವಿನ ಹಂತದಲ್ಲಿ ಕೆಲಸದ ಒಂದು ಭಾಗವನ್ನು ಮಾತ್ರ ಕೊಡಬೇಕು. ಕೊನೆಯ ಹಂತದಲ್ಲಿ ಚಟುವಟಿಕೆ ಇಂದ್ರಿಯಗಳಿಗೆ ಇಳಿಯುತ್ತದೆ: ಕೊಬ್ಬರಿ ಎಣ್ಣೆ ಹಚ್ಚಿ ಕೈಕಾಲು ನೀವುವುದು, ಮಲ್ಲಿಗೆ ಮೂಸಿಸುವುದು, ಮೆತ್ತನೆಯ ಕೌದಿ ಹಿಡಿಸುವುದು, ಕಿವಿಯ ಹತ್ತಿರ ಹಾಡುವುದು.

ಎಚ್ಚರಿಕೆಗಳು

ಕುಡಗೋಲು, ಈಳಿಗೆ, ಕುದಿಯುವ ಹಂಡೆ ಕೈಗೆಟುಕಬಾರದು. ಬೆಳೆಗೆ ಹೊಡೆಯುವ ಕ್ರಿಮಿನಾಶಕದ ಡಬ್ಬಿಗಳನ್ನು ಬೀಗ ಹಾಕಿಡುವುದು ರೈತರ ಮನೆಯಲ್ಲಿ ಅತಿ ಮುಖ್ಯ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಅಥವಾ ನುಂಗಲು ತೊಂದರೆಯಿರುವವರಿಗೆ ಸಣ್ಣ ಕಾಳು ಕೊಡಬಾರದು. ದಾರಿ ತಪ್ಪುವುದು ಇನ್ನೊಂದು ಅಪಾಯ. ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ ನಾಗ್ ಅಭಿನಯಿಸಿದ ತಂದೆ ಹೀಗೆಯೇ ಕಾಣೆಯಾಗುತ್ತಾನೆ. ಅಂಗಿಯ ಕಿಸೆಯಲ್ಲಿ ಅಥವಾ ಕೊರಳ ದಾರದಲ್ಲಿ ಹೆಸರು ಮತ್ತು ಫೋನ್ ನಂಬರಿನ ಚೀಟಿ ಇರಲಿ. ಓಣಿಯವರಿಗೂ, ಬಸ್ ನಿಲ್ದಾಣದ ಅಂಗಡಿಯವರಿಗೂ ವಿಷಯ ತಿಳಿದಿರಲಿ. ಒಂದೆರಡು ದಿನಗಳಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ಅದು ಸೋಂಕು, ನೀರಿನ ಕೊರತೆ, ಮಲಬದ್ಧತೆ ಅಥವಾ ಮಾತ್ರೆಯ ಪರಿಣಾಮವಾಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಫಲ ಮತ್ತು ಮಿತಿ

ಚಟುವಟಿಕೆಗಳು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ತಡೆಯುವುದೂ ಇಲ್ಲ. ಆದರೆ ಅವುಗಳಿಂದ ದೊರೆಯುವ ನೆಮ್ಮದಿಗೆ ಆಧಾರವಿದೆ. ಲಂಡನ್ನಿನ ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏಳು ವಾರ ಗುಂಪಾಗಿ ಕೂತು ಮಾತು, ಹಾಡು, ಆಟಗಳಲ್ಲಿ ತೊಡಗಿದವರ ತಿಳಿವಳಿಕೆ ಮತ್ತು ಬಾಳಿನ ಗುಣಮಟ್ಟ ಉಳಿದವರಿಗಿಂತ ಉತ್ತಮವಾಗಿತ್ತು. ಸಂಗೀತ ಖಿನ್ನತೆಯ ಲಕ್ಷಣಗಳನ್ನು ಇಳಿಸುತ್ತದೆಂದು ಹಲವು ಅಧ್ಯಯನಗಳ ಒಟ್ಟು ಪರಿಶೀಲನೆ ಹೇಳುತ್ತದೆ.

ಆರೈಕೆಯ ಹೊರೆ ಹೆಚ್ಚಾಗಿ ಮನೆಯ ಒಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ಚಟುವಟಿಕೆಗಳನ್ನು ಮನೆಮಂದಿಯಲ್ಲಿ ಹಂಚಿಕೊಳ್ಳುವುದು ಹಿರಿಯರಿಗೆಷ್ಟೋ ಆಕೆಗೂ ಅಷ್ಟೇ ಅಗತ್ಯ. ಮುಂಜಾನೆಯ ಕಾಳು ಸೊಸೆಯ ಪಾಲಿಗಿದ್ದರೆ, ಮಧ್ಯಾಹ್ನದ ಆಟ ಮೊಮ್ಮಕ್ಕಳಿಗೆ, ಸಂಜೆಯ ನಡಿಗೆ ಮಗನಿಗೆ ಸೇರಬೇಕು.

ಕಾಯಿಲೆಯ ಪತ್ತೆ ಮತ್ತು ಸಲಹೆಗೆ ಈ ಸೀಮೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಹತ್ತಿರದ ದೊಡ್ಡ ಆಶ್ರಯ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ 2022ರಲ್ಲಿ ಆರಂಭವಾಯಿತು. ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ಹಿರಿಯ ನಾಗರಿಕರ ಸಹಾಯವಾಣಿ 14567 ಉಚಿತವಾಗಿ ದೊರೆಯುತ್ತವೆ.