ಹಿಮ್ಮಡಿಯೋ, ಹೆಜ್ಜೆಯ ಉದ್ದವೋ? ಹೊಸ ಓಟಗಾರರ ಗಾಯಗಳ ಕುರಿತು ಒಂದು ಮರುಪರಿಶೀಲನೆ

ಹೊಸದಾಗಿ ಓಡತೊಡಗಿದವರಿಗೆ ಹೆಚ್ಚಾಗಿ ನೋವು ಕಾಣುವುದು ಮಂಡಿಯಲ್ಲಿ ಹಾಗೂ ಅದರ ಕೆಳಗೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿವಾದವಿರುವುದು ಪಾದದ ಯಾವ ಭಾಗ ಮೊದಲು ನೆಲ ಮುಟ್ಟಬೇಕು ಎಂಬುದರಲ್ಲಿ.

ಬರಿಗಾಲಲ್ಲಿ ಓಡಿ ರೂಢಿಯಾದವರು ಬಹುಮಟ್ಟಿಗೆ ಮುಂಗಾಲೂರುತ್ತಾರೆ, ಹಿಮ್ಮಡಿಯೂರಿದಾಗ ಬೀಳುವ ಮೊದಲ ಪೆಟ್ಟು ಅವರಲ್ಲಿ ಕಾಣುವುದಿಲ್ಲ ಎಂದು ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಮುಂಗಾಲೂರಿದರೆ ಗಾಯ ತಪ್ಪುತ್ತದೆಂದು ಆ ಲೇಖನ ಸಾಧಿಸಿರಲಿಲ್ಲ. ಆ ತೀರ್ಮಾನ ಅದನ್ನು ಓದಿದ ಹಲವರದು. ಬರಿಗಾಲಿಗೆ ಮುಂಗಾಲೇ ಸಹಜವೆಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಉತ್ತರ ಕೆನ್ಯಾದ ದಾಸನಚ್ ಸಮುದಾಯದ ಬರಿಗಾಲಿಗರು ತಮಗೆ ಒಗ್ಗಿದ ವೇಗದಲ್ಲಿ ಓಡಿದಾಗ ಶೇ. 72ರಷ್ಟು ಬಾರಿ ಹಿಮ್ಮಡಿಯನ್ನೇ ಊರಿದ್ದರು ಎಂದು ಹಟಾಲಾ ತಂಡ 2013ರಲ್ಲಿ ವರದಿ ಮಾಡಿತು.

ಇಲ್ಲಿ ನಿರ್ಣಾಯಕವೆನಿಸುವುದು 2018ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಪ್ರಯೋಗ. 320 ಹೊಸ ಓಟಗಾರರಲ್ಲಿ ಒಂದು ಗುಂಪಿಗೆ ಎರಡು ವಾರ ಟ್ರೆಡ್‌ಮಿಲ್ ಮೇಲೆ ತರಬೇತಿ. ಪ್ರತಿ ಹೆಜ್ಜೆಯ ಪೆಟ್ಟು ಕಣ್ಣೆದುರಿನ ಪರದೆಯಲ್ಲಿ ಗೆರೆಯಾಗಿ ಮೂಡುತ್ತಿತ್ತು. 'ಮೆತ್ತಗೆ ಓಡಿ' ಎಂಬುದೇ ಅವರಿಗಿದ್ದ ಸೂಚನೆ. ವರ್ಷದೊಳಗೆ ಅವರಲ್ಲಿ ಶೇ. 16 ಮಂದಿಗೆ, ಉಳಿದ ಗುಂಪಿನಲ್ಲಿ ಶೇ. 38 ಮಂದಿಗೆ ಗಾಯವಾಯಿತು. ಆದರೆ ತರಬೇತಿ ಪಡೆದವರಲ್ಲಿ ಮೀನಖಂಡದ ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನ ತೊಂದರೆಗಳು ಹೆಚ್ಚಿದ್ದವು. ಮಂಡಿಯಿಂದ ಇಳಿದ ಭಾರದ ಒಂದು ಪಾಲನ್ನು ಮೀನಖಂಡ ಹೊತ್ತಿರಬೇಕು. ಹೊಸಬರ ಮೀನಖಂಡ ಅದಕ್ಕೆ ಇನ್ನೂ ಪಳಗಿರುವುದಿಲ್ಲ.

ಆದ್ದರಿಂದ ನನ್ನ ವಾದವಿಷ್ಟು: ಹೊಸಬರು ಮೊದಲು ತಿದ್ದಿಕೊಳ್ಳಬೇಕಾದದ್ದು ಹೆಜ್ಜೆಯ ಉದ್ದವನ್ನು, ಪಾದ ಊರುವ ಬಗೆಯನ್ನಲ್ಲ. ವೇಗ ಬದಲಿಸದೆ ನಿಮಿಷದ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಹೆಜ್ಜೆ ಮೊಟಕಾಗಿ ಪಾದ ದೇಹಕ್ಕೆ ಹತ್ತಿರ ಬೀಳುತ್ತದೆ. ಮಂಡಿಯ ಭಾರ ತಗ್ಗುತ್ತದೆ. ಇದನ್ನು ಹೈಡರ್‌ಶೈಟ್ ತಂಡ 2011ರಲ್ಲೇ ಅಳೆದು ತೋರಿಸಿದೆ. ಈ ವಾದಕ್ಕೆ ಮಿತಿಗಳಿವೆ. ಆ ತಂಡ ಅಳೆದದ್ದು ಕೀಲುಗಳ ಭಾರವನ್ನು, ಗಾಯಗಳನ್ನಲ್ಲ. ಹಾಂಗ್‌ಕಾಂಗ್‌ನಲ್ಲಿ ಕಲಿಸಿದ್ದು ಮೆತ್ತನೆಯ ಓಟವನ್ನು, ಹೆಜ್ಜೆಯ ಲೆಕ್ಕವನ್ನಲ್ಲ. ಎರಡನ್ನೂ ಜೋಡಿಸಿರುವುದು ನನ್ನ ಅನುಮಾನವಷ್ಟೆ. ಈಗಾಗಲೇ ಚಿಕ್ಕ ಹೆಜ್ಜೆಯಲ್ಲಿ ಓಡುವವರಿಗೆ ಇದು ಅನ್ವಯಿಸಲಾರದು.

ಹೆಜ್ಜೆ ಮೊಟಕುಗೊಳಿಸಿದರೆ ರಸ್ತೆಯಲ್ಲೋಡುವ ಹೊಸಬರ ಗಾಯಗಳೂ ಇಳಿಯುವವೇ ಎಂಬುದು ಮುಂದೆ ಪರೀಕ್ಷಿಸಬೇಕಾದ ಪ್ರಶ್ನೆ. ಅಲ್ಲಿಯವರೆಗೆ, ನೋವಿಲ್ಲದೆ ಹಿಮ್ಮಡಿಯೂರಿ ಓಡುತ್ತಿರುವ ಹೊಸಬರನ್ನು ಬಲವಂತವಾಗಿ ಮುಂಗಾಲಿಗೆ ಒಗ್ಗಿಸುವುದನ್ನು ತರಬೇತುದಾರರು ಕೈಬಿಡಬೇಕು.