ಲ್ಯಾಕ್ಸ್ಟನ್

ಲ್ಯಾಕ್ಸ್ಟನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯಲ್ಲಿರುವ ಒಂದು ಸಣ್ಣ ಗ್ರಾಮ. ಮಧ್ಯಯುಗದ ತೆರೆದ ಹೊಲಗಳ ಬೇಸಾಯ ಪದ್ಧತಿಯು ಇಂದಿಗೂ ಇಲ್ಲಿ ಬಳಕೆಯಲ್ಲಿರುವುದರಿಂದ ಈ ಗ್ರಾಮವು ಪ್ರಸಿದ್ಧವಾಗಿದೆ.

ಇತಿಹಾಸ
1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಈ ಗ್ರಾಮದ ಉಲ್ಲೇಖವಿದೆ. ಗ್ರಾಮದ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ ಹಾಗೂ ಕಂದಕಗಳು ಉಳಿದಿವೆ. ಸಂತ ಮೈಕೇಲನ ಚರ್ಚ್ ಸಹ ಮಧ್ಯಯುಗಕ್ಕೆ ಸೇರಿದ್ದು, 19ನೆಯ ಶತಮಾನದಲ್ಲಿ ಜೀರ್ಣೋದ್ಧಾರಗೊಂಡಿತು. 1635ರಲ್ಲಿ ಮಾರ್ಕ್ ಪಿಯರ್ಸ್ ರಚಿಸಿದ ಗ್ರಾಮದ ನಕ್ಷೆಯು ಪ್ರತಿಯೊಂದು ಹೊಲದ ಪಟ್ಟಿಯನ್ನೂ ತೋರಿಸುತ್ತದೆ. ಇದು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಬೇಸಾಯ ಪದ್ಧತಿ
ಪಶ್ಚಿಮ ಹೊಲ, ದಕ್ಷಿಣ ಹೊಲ ಮತ್ತು ಗಿರಣಿ ಹೊಲ ಎಂಬ ಮೂರು ವಿಶಾಲ ಹೊಲಗಳನ್ನು ಬೇಲಿಯಿಲ್ಲದ ಪಟ್ಟಿಗಳಾಗಿ ವಿಂಗಡಿಸಲಾಗಿದೆ. ಒಬ್ಬನೇ ರೈತನ ಪಟ್ಟಿಗಳು ಮೂರೂ ಹೊಲಗಳಲ್ಲಿ ಹರಡಿರುವುದರಿಂದ ಫಲವತ್ತಾದ ಹಾಗೂ ಕಳಪೆ ಭೂಮಿ ಎಲ್ಲರಿಗೂ ಹಂಚಿಕೆಯಾಗುತ್ತದೆ. ಮೊದಲ ವರ್ಷ ಚಳಿಗಾಲದ ಗೋಧಿ, ಎರಡನೆಯ ವರ್ಷ ವಸಂತಕಾಲದ ಬೆಳೆ ಬೆಳೆದು, ಮೂರನೆಯ ವರ್ಷ ಹೊಲವನ್ನು ಬೀಳು ಬಿಡುವುದು ಸಾಂಪ್ರದಾಯಿಕ ಕ್ರಮ.

ಕೋರ್ಟ್ ಲೀಟ್
ಹೊಲಗಳ ಮೇಲ್ವಿಚಾರಣೆಯನ್ನು ಕೋರ್ಟ್ ಲೀಟ್ ಎಂಬ ಪ್ರಾಚೀನ ಗ್ರಾಮ ನ್ಯಾಯಸಭೆ ನಡೆಸುತ್ತದೆ. ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ಪಂಚರು ಗೋಧಿ ಬಿತ್ತಿದ ಹೊಲವನ್ನು ಪರಿಶೀಲಿಸಿ, ಗಡಿಗೂಟಗಳನ್ನು ನೆಡುತ್ತಾರೆ. ದಾರಿಯನ್ನಾಗಲಿ ಸಾಮಾನ್ಯ ಹುಲ್ಲುಗಾವಲನ್ನಾಗಲಿ ಒತ್ತುವರಿ ಮಾಡಿದವರಿಗೆ ಅನಂತರ ಸೇರುವ ಸಭೆಯು ದಂಡ ವಿಧಿಸುತ್ತದೆ.

ಸಂರಕ್ಷಣೆ
18 ಮತ್ತು 19ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಬಹುತೇಕ ತೆರೆದ ಹೊಲಗಳು ಬೇಲಿ ಹಾಕಿದ ಖಾಸಗಿ ಹಿಡುವಳಿಗಳಾದವು. ಇಲ್ಲಿ ಪ್ರಮುಖ ಭೂಮಾಲೀಕರ ನಡುವೆ ಹೊಂದಾಣಿಕೆಯಾಗದಿದ್ದುದು ಹಳೆಯ ಪದ್ಧತಿ ಉಳಿಯಲು ಒಂದು ಮುಖ್ಯ ಕಾರಣ. 1952ರಲ್ಲಿ ಕೃಷಿ ಸಚಿವಾಲಯವು ಈ ಜಮೀನನ್ನು ಖರೀದಿಸಿತು. 1981ರಲ್ಲಿ ಅದು ಕ್ರೌನ್ ಎಸ್ಟೇಟ್‌ಗೆ, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್‌ಗೆ ಸೇರಿತು. ಆದರೂ ಪಟ್ಟಿಗಳನ್ನು ಉಳುವ ರೈತರಿದ್ದರೆ ಮಾತ್ರ ಈ ಪರಂಪರೆ ಉಳಿಯಬಲ್ಲದು.